ಉಳಿಯೋದು ಯಾವುದು?

"ಉಳಿಯೋದು ಇಪ್ಪತ್ತು ಪರ್ಸೆಂಟ್ ಅಷ್ಟೇ..."

ಡಾಕ್ಟರ್ ಹೀಗೆ ಅಂದದ್ದೇ ತಡ, ಮಾದಪ್ಪ ಮಾವ ಜೋರಾಗಿ ಅಳತೊಡಗಿದರು.

ಒಳಗೆ ಬೆಡ್ ಮೇಲಿದ್ದದ್ದು ಅವರ ಅಕ್ಕ, ನನ್ನ ಅತ್ತೆ ಸಣ್ಣತಾಯಮ್ಮ. ನಂಜನಗೂಡಿನಲ್ಲಿ ಮೊಸರು ಮಾರುವವರು. ಲಿವರಿನಲ್ಲಿ ಗಡ್ಡೆ... ಗಡ್ಡೆಯಿದ್ದ ಭಾಗವನ್ನೆಲ್ಲ ಕತ್ತರಿಸಿ ತೆಗೆಯಬೇಕಿತ್ತು.

ಡಾಕ್ಟರ್ ಇನ್ನೂ ಏನೋ ಹೇಳುತ್ತಿದ್ದರು... ಮಾವನ ಅಳುವಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಊರಿಗೆಲ್ಲ ಫೋನ್ ಹೋಯಿತು. "ಅಕ್ಕ ಉಳಿಯೋದು ಕಷ್ಟ ಕಣ್ರೋ... ಒಂದ್ಸಲ ಮುಖ ನೋಡ್ಕಂಡ್ ಹೋಗಿ."

ಸಂಜೆಗೆ ವಾರ್ಡ್ ತುಂಬ ನೆಂಟರು. ಅತ್ತೆಗಿಷ್ಟ ಅಂತ ಯಾರೋ ಒಬ್ಬಟ್ಟು ತಂದಿದ್ದರು.

"ಏನ್ರವ್ವ, ನಾನಿನ್ನೂ ಕುಂತಿವ್ನಿ... ಆಗ್ಲೇ ತಿಥಿ ಅಡುಗೆ ತಂದ್ಬುಟ್ರಾ?"

ಅತ್ತೆಯ ತಮಾಷೆಗೆ ಯಾರೂ ನಗಲಿಲ್ಲ.

"ಆಪರೇಶನ್ ಬ್ಯಾಡ ಅಕ್ಕ, ಮನೇಗ್ ಹೋಗವ," ಅಂದರು ಮಾವ. "ನೀನು ಉಳಿಯೋದು ಇಪ್ಪತ್ತು ಪರ್ಸೆಂಟಂತೆ."

ಅತ್ತೆ ನನ್ನ ಕಡೆ ತಿರುಗಿದರು. "ನೀನೂ ಅಲ್ಲೇ ಇದ್ದೆ ತಾನೆ ಮಗ? ಏನಂದ್ರು?"

ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಆದರೆ ನೋಡಿದ್ದು ಮರೆಯುವುದಿಲ್ಲ.

"ಹಂಗನ್ನುವಾಗ ಅವ್ರ ಬೆರಳು ಲಿವರ್ ಸ್ಕ್ಯಾನಿನ ಒಂದು ಮೂಲೆ ಮೇಲಿತ್ತು ಅತ್ತೆ..."

ಅತ್ತೆ ಎದ್ದೇಬಿಟ್ಟರು. ಸೀದಾ ಡಾಕ್ಟರ್ ರೂಮಿಗೆ. ಹಿಂದೆ ನಾವೆಲ್ಲ.

"ಡಾಕ್ಟ್ರೇ, ಉಳಿಯೋದು ಯಾವ್ದು? ನಾನಾ... ಲಿವರ್ರಾ?"

ಡಾಕ್ಟರ್ ನಮ್ಮೆಲ್ಲರ ಮುಖ ನೋಡಿ ತಲೆ ಚಚ್ಚಿಕೊಂಡರು. "ಅಯ್ಯೋ, ಲಿವರ್ ಕಣಮ್ಮಾ!"

ಈ ಸಲ ಯಾರೂ ಅಳಲಿಲ್ಲ, ಪೂರ್ತಿ ಕೇಳಿಸಿಕೊಂಡೆವು.

ಕತ್ತರಿಸಿದ ಮೇಲೆ ಉಳಿಯುವ ತುಂಡು ತೀರಾ ಚಿಕ್ಕದಾದರೆ ಇಡೀ ಮೈಯ ಕೆಲಸ ಅದರಿಂದಾಗದು. ಕಾಮಾಲೆ ಏರಬಹುದು, ಹೊಟ್ಟೆಯಲ್ಲಿ ನೀರು ತುಂಬಬಹುದು, ಜೀವಕ್ಕೇ ಅಪಾಯ. ಗಡ್ಡೆಗೆ ಕೊಟ್ಟಿದ್ದ ಕೀಮೋ ಔಷಧಿಯಿಂದ ದಣಿದ ಲಿವರಿಗೆ ಇಪ್ಪತ್ತು ಸಾಲದು.

ಅದಕ್ಕೇ ಈಗಲೇ ಕತ್ತರಿಸುವುದಿಲ್ಲ. ತೆಗೆಯಬೇಕಾದ ಕಡೆಗೆ ಹೋಗುವ ರಕ್ತನಾಳ ಮುಚ್ಚುತ್ತಾರೆ. ರಕ್ತ ಒಳ್ಳೆಯ ಕಡೆಗೆ ಹರಿದು ಆ ತುಂಡು ಬೆಳೆಯುತ್ತದೆ. ಕೆಲವು ವಾರ ಬಿಟ್ಟು ಅಳೆದು, ಸಾಕಷ್ಟಿದ್ದರೆ ಆಪರೇಶನ್.

"ಬೆಳೀದಿದ್ರೆ?" ಮಾವ ಕೇಳಿದರು.

"ಗ್ಯಾರಂಟಿ ಕೊಡಕ್ಕಾಗಲ್ಲ," ಅಂದರು ಡಾಕ್ಟರ್.

ಅತ್ತೆ ತಮ್ಮನನ್ನು ದುರುಗುಟ್ಟಿ ನೋಡಿದರು.

"ಹೆಪ್ಪು ಕಮ್ಮಿ ಆಯ್ತು ಅಂತ ನಾನ್ಯಾವತ್ತಾದ್ರೂ ಹಾಲು ಚೆಲ್ಲಿದ್ದೀನೇನ್ಲಾ? ಬೆಚ್ಚಗಿಟ್ಟು ಕಾಯ್ತೀನಿ. ಇದ್ನೂ ಕಾಯ್ತೀನಿ!"

ರಕ್ತನಾಳ ಮುಚ್ಚಿದ ಮೇಲೆ ಅತ್ತೆ ಕಾದರು... ಬೇಡವೆಂದರೂ ಉಣ್ಣುತ್ತಾ, ಸುಸ್ತಾದರೂ ನಡೆಯುತ್ತಾ. ಅಳುಮುಖ ಹೊತ್ತು ಬಂದವರಿಗೆ ಬಾಗಿಲಲ್ಲೇ ತಡೆ. "ಹೊರಗೇ ಅತ್ತು ಮುಗಿಸ್ಕಂಡು ಬನ್ನಿ!"

ತುಂಡು ಬೆಳೆದಿತ್ತು. ಆಪರೇಶನ್ ಆಯಿತು. ಆಮೇಲೆ ಕಣ್ಣು ಹಳದಿಯಾಗಿ ನಮ್ಮ ಜೀವ ಬಾಯಿಗೆ ಬಂತು... ಆ ಹಳದಿಯೂ ಮೆಲ್ಲಗೆ ಇಳಿಯಿತು.

ಮನೆಗೆ ಹೊರಡುವ ದಿನ ಮಾವ ಮತ್ತೆ ಊರಿಗೆ ಫೋನ್ ಮಾಡಿದರು.

"ಅಕ್ಕ... ಅಕ್ಕ ಉಳ್ಕಂ..."

ಬಿಕ್ಕಳಿಕೆಯಲ್ಲಿ ಮಾತು ಮುಗಿಯಲಿಲ್ಲ. ಆ ಕಡೆಯವರು ತಪ್ಪು ತಿಳಿದು ಗೊಳೋ ಅಂದರು!

ಅತ್ತೆ ಫೋನ್ ಕಿತ್ತುಕೊಂಡರು.

"ಅಳಬ್ಯಾಡ್ರವ್ವ... ಉಳಿದಿರೋದು ನಾನು. ನೂರಕ್ಕೆ ನೂರು!"

*ಉಳಿದದ್ದು ಚಿಕ್ಕದೆಂದು ಕೈಚೆಲ್ಲಬೇಡಿ... ಅದಕ್ಕೆ ಬೆಳೆಯಲು ಸಮಯ ಕೊಡಿ.*

ನಿಮ್ಮವರ ವಿಷಯದಲ್ಲಿ ನೀವೂ ಪೂರ್ತಿ ಕೇಳಿಸಿಕೊಳ್ಳದೆ ಅತ್ತುಬಿಟ್ಟಿದ್ದೀರಾ?