ನಲವತ್ತು ಸಾವಿರ ಜನರ ಊಟ

“ಅಪ್ಪಾ, ತಲೆ ಎತ್ಬೇಡ!” ಎಂದು ಮಗಳು ಕೂಗುವಷ್ಟರಲ್ಲಿ ಅಪ್ಪ ತಲೆ ಎತ್ತಿಯಾಗಿತ್ತು. ಬಲಗಣ್ಣಿಗೆ ಪಟ್ಟಿ, ಹಣೆಯ ಮೇಲೆ ದಿಂಬಿನ ಗೆರೆ, ಮುಖದ ತುಂಬ ಸಿಟ್ಟು.

“ನಲವತ್ತು ಸಾವಿರ ಜನರ ದಂಡು ಎಂಟು ದಿನ ನಡೀತು ಅಂತ ಓದಿದ್ಯಲ್ಲ, ಅಡುಗೆ ಯಾರು ಮಾಡಿದ್ರು?”

“ಅದನ್ನ ಪುಸ್ತಕದಲ್ಲಿ ಬರ್ದಿಲ್ಲ.”

“ಬರ್ದಿಲ್ಲ ಅಂದ್ರೆ? ತಲೆಗೆ ಚಿನ್ನದ ಟೋಪಿ ಹಾಕಿದ್ರು ಅಂತ ಒಂದು ಪುಟ ಬರ್ದಿದಾನೆ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!”

ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮಗಳು ಮತ್ತೆ ದಿಂಬಿಗೆ ಒತ್ತಿದಳು. ಡಾಕ್ಟರು ಕಣ್ಣಿನೊಳಗಿನ ಹರಿದ ಪರದೆಯನ್ನು ಸರಿಮಾಡಿ, ಅದು ಕೂಡಿಕೊಳ್ಳುವವರೆಗೆ ಒತ್ತಿ ಹಿಡಿಯಲು ಒಂದು ಗಾಳಿಗುಳ್ಳೆ ಬಿಟ್ಟಿದ್ದರು. ಮುಖ ನೆಲದ ಕಡೆ ಇದ್ದರಷ್ಟೇ ಗುಳ್ಳೆ ತನ್ನ ಜಾಗದಲ್ಲಿರುತ್ತದೆ. ಹಾಗಾಗಿ ಮಂಚದ ಅಂಚಿನಿಂದ ಮುಖ ಹೊರಗೆ ಚಾಚಿ, ಮುಂದಿನ ಸ್ಟೂಲಿನ ದಿಂಬಿಗೆ ಹಣೆಯೂರಿ, ಹತ್ತು ದಿನ ಬೋರಲು ಮಲಗಿರಬೇಕು. ತಪ್ಪಿದರೆ ಆ ಕಣ್ಣಿನ ಆಸೆ ಬಿಡಿ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಎಡಗಣ್ಣು ಮೊದಲೇ ಮಂಜು. ಅದಕ್ಕೆ ಆಕಾರ, ಬಣ್ಣ ಕಾಣುತ್ತಿತ್ತೇ ಹೊರತು ಅಕ್ಷರ ಕಾಣುತ್ತಿರಲಿಲ್ಲ.

ಆರುನೂರು ಮಕ್ಕಳ ಹಾಸ್ಟೆಲ್ಲಿನಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿ, ಬಂದು ಮನೆಯ ಒಲೆಯನ್ನೂ ತಾನೇ ಹಚ್ಚುತ್ತಿದ್ದ ಮನುಷ್ಯ, ಒಂದು ಕಡೆ ನಿಂತು ಗೊತ್ತಿಲ್ಲ. ಕಥೆ ಓದಿ ಹೇಳಿದರೆ ಸುಮ್ಮನೆ ಮಲಗಿದ್ದಾರು ಎಂದು ಮಗಳು ಲೆಕ್ಕ ಹಾಕಿದ್ದಳು. “ಮನೆ ಜಗಳದ ಕಾದಂಬರಿ ಬೇಡ, ಅದು ಗೊತ್ತಿರೋದೇ. ಮಾಯ ಮಂತ್ರ ಇರೋದು ತಾ” ಎಂದು ಅವರೇ ಕೇಳಿದಾಗ ಮಗಳಿಗೆ ಖುಷಿಯೋ ಖುಷಿ. ಫ್ಯಾಂಟಸಿ ಎಂದರೆ ಅವಳಿಗೆ ಚಿಕ್ಕಂದಿನಿಂದ ಪ್ರಾಣ.

ಮೂರನೆಯ ದಿನಕ್ಕೆ ಆ ಖುಷಿಯೆಲ್ಲ ಇಳಿದಿತ್ತು. ಮೊದಲನೆಯ ಪುಸ್ತಕದಲ್ಲಿ ರಾಜಕುಮಾರ ವರ್ಷವಿಡೀ ಗುಹೆಯಲ್ಲಿ ಅವಿತಿದ್ದ, “ಉಪ್ಪು ಎಲ್ಲಿಂದ ತರ್ತಿದ್ದ?” ಎಂದು ಅಪ್ಪ ತಲೆ ಎತ್ತಿದರು. ಎರಡನೆಯದರಲ್ಲಿ ಮಾಂತ್ರಿಕ ಚಿಟಿಕೆ ಹೊಡೆದು ಔತಣ ತರಿಸಿದ, “ಪಾತ್ರೆ ತೊಳೆಯೋಕೂ ಚಿಟಿಕೆ ಹೊಡೆದ್ನಾ?” ಎಂದು ಮತ್ತೆ ಎತ್ತಿದರು. ಮೂರನೆಯದು ಈ ನಲವತ್ತು ಸಾವಿರದ ದಂಡು. ಡ್ರ್ಯಾಗನ್ ಮಾತಾಡಿದರೆ ಒಪ್ಪುತ್ತಿದ್ದರು, ಸತ್ತವನು ಎದ್ದು ಕೂತರೂ ಒಪ್ಪುತ್ತಿದ್ದರು. ಒಲೆ ಹಚ್ಚದೆ ಊಟ ಬಂದರೆ ಮಾತ್ರ ಒಪ್ಪುತ್ತಿರಲಿಲ್ಲ. ಇಂಥವರಿಗೆ ಹಿಡಿಸುವ ಪುಸ್ತಕವನ್ನು ಯಾವ ಕಪಾಟಿನಲ್ಲಿ ಹುಡುಕುವುದು? ಅವಳಿಗೆ ಸಾಕುಸಾಕಾಗಿತ್ತು. ಪಕ್ಕದ ಮನೆಯಾಕೆಯನ್ನು ಕಾವಲು ಕೂರಿಸಿ ಪುಸ್ತಕದಂಗಡಿಗೆ ಓಡಿದಳು.

“ಯಾವ ತರದ್ದು ಬೇಕು? ಡ್ರ್ಯಾಗನ್ ಇರೋದಾ, ಯುದ್ಧ ಇರೋದಾ?” ಎಂದ ಅಂಗಡಿಯವನು.

“ಏನಾದ್ರೂ ಇರ್ಲಿ. ಅಡುಗೆಯವನು ಇರ್ಬೇಕು.”

“ಅಡುಗೆ ಪುಸ್ತಕ ಆ ಕಡೆ ಇದೆ.”

“ಅಡುಗೆ ಪುಸ್ತಕ ಅಲ್ರೀ! ಮಾಂತ್ರಿಕರ ಕಾದಂಬರಿನೇ. ಅದರಲ್ಲಿ ಯಾರಾದ್ರೂ ಒಬ್ರು ಅಡುಗೆ ಮಾಡ್ಬೇಕು.”

ಅವನು ಕಪಾಟಿನ ಸಾಲಿನ ಮೇಲೆ ಬೆರಳಾಡಿಸಿದ. “ರಾಜನಿಗೆ ವಿಷ ಹಾಕೋ ಅಡುಗೆಯವನು ಒಬ್ಬ ಇದಾನೆ. ನಡೆಯುತ್ತಾ?”

ಬರಿಗೈಯಲ್ಲಿ ಹಿಂದಿರುಗಿದಳು. ಅದನ್ನು ಓದಿದರೆ ಅಪ್ಪ ತಲೆಯಲ್ಲ, ಮಂಚವನ್ನೇ ಎತ್ತುತ್ತಿದ್ದರು.

ಕೊನೆಗೆ ಅಟ್ಟದ ಪೆಟ್ಟಿಗೆಯಿಂದ, ಹದಿನಾಲ್ಕನೆಯ ವಯಸ್ಸಿನಲ್ಲಿ ಎಂಟು ಸಲ ಓದಿದ ತನ್ನ ಪುಸ್ತಕವನ್ನೇ ತೆಗೆದಳು. ಇದನ್ನು ಅಪ್ಪ ಹಳಿದರೆ ತಡೆಯಲಾರೆ ಎಂದು ಗೊತ್ತಿದ್ದೇ ತೆಗೆದಳು. ಐವತ್ತು ಪುಟ ಚೆನ್ನಾಗಿ ಸಾಗಿತು. ಏಳು ಮಂದಿ ಗೆಳೆಯರು ಕಾಡು ಹೊಕ್ಕರು, ಹತ್ತೊಂಬತ್ತು ದಿನ ನಡೆದರು. ಅಪ್ಪನ ಭುಜ ಅಲ್ಲಾಡಿತು.

“ಇಲ್ಲ! ಬರ್ದಿಲ್ಲ!” ಅವಳು ಚೀರಿದಳು. “ಇಡೀ ಪುಸ್ತಕದಲ್ಲಿ ಒಬ್ಬನೂ ಅಡುಗೆಯವನಿಲ್ಲ! ಕಣ್ಣು ಬೇಕೋ ಬೇಡ್ವೋ ನಿಂಗೆ? ಬೇಕಿದ್ರೆ ನೀನೇ ಹುಡುಕ್ಕೋ!”

ತೆರೆದ ಪುಸ್ತಕವನ್ನು ಅವರ ಮುಖದ ಕೆಳಗೆ ನೆಲದ ಮೇಲೆ ಕುಕ್ಕಿದಳು. ಕುಕ್ಕಿದ ಮೇಲೆ ನಾಲಗೆ ಕಚ್ಚಿಕೊಂಡಳು. ಅಕ್ಷರ ಕಾಣದವರ ಮುಂದೆ ಪುಸ್ತಕ ಎಸೆದು ಹುಡುಕು ಅಂದಿದ್ದಳು.

ಅಪ್ಪ ತಲೆ ಎತ್ತಲಿಲ್ಲ. ಎಡಗಣ್ಣಿನಿಂದ ಪುಟವನ್ನೇ ನೋಡುತ್ತಿದ್ದರು.

“ಈ ಮೂಲೇಲಿ ಹಳದಿ ಕಲೆ ಏನು?”

“ಎಣ್ಣೆ. ಹಳೇದು. ಊಟ ಮಾಡ್ತಾ ಓದಿದ್ದು.”

ಅವರು ಕೈ ಇಳಿಬಿಟ್ಟು, ತಡವಿ, ಪುಟ ಮಗುಚಿದರು. “ಇಲ್ಲೂ ಇದೆ.” ಇನ್ನೊಂದು ಮಗುಚಿದರು. “ಇಲ್ಲೂ.” ಆಮೇಲೆ ಕೇಳಿದರು, “ತಟ್ಟೆ ಯಾರು ತಂದಿಡ್ತಿದ್ರು?”

ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ಕಾಡು ನೆನಪಾಯಿತು, ಏಳೂ ಜನರ ಹೆಸರು ನೆನಪಾಯಿತು. ತಟ್ಟೆ ತಂದಿಟ್ಟ ಕೈ ಮಾತ್ರ ಒಂದು ದಿನದ್ದೂ ನೆನಪಾಗಲಿಲ್ಲ. ತಟ್ಟೆ ಬರುತ್ತಿತ್ತು, ಅಷ್ಟೇ.

ಅಪ್ಪ ಹಣೆಯನ್ನು ದಿಂಬಿಗೆ ಭದ್ರವಾಗಿ ಊರಿಕೊಂಡರು.

“ಇದರಲ್ಲಿ ಇದಾನೆ ಬಿಡು, ಅಡುಗೆಯವನು,” ಎಂದರು. “ಮುಂದೆ ಓದು.”