ಒಳಕೋಣೆಗೆ ಕಾವಲು

"ಕಾರ್ಡ್ ತೋರಿಸಿ" ಎಂದಳು ಮುಂಬಾಗಿಲ ಮೇಜಿನಾಕೆ.

ಡಾಕ್ಟರು ಜೇಬು ತಡವಿಕೊಂಡರು. ಕಾರ್ಡು ಮನೆಯಲ್ಲೇ ಉಳಿದಿತ್ತು. ಗೋಡೆಯ ಮೇಲೆ ನಗುತ್ತಿದ್ದ ತಮ್ಮದೇ ಫೋಟೊ ತೋರಿಸಿ, ಈ ರಕ್ತಪರೀಕ್ಷೆಯ ಲ್ಯಾಬು ತಮ್ಮದೇ ಎಂದರು.

"ಇರಬಹುದು ಸಾರ್. ಟೈ ಕಟ್ಕೊಂಡು ಬಂದವರೆಲ್ಲ ಹಾಗೇ ಹೇಳ್ತಾರೆ."

ಕೊನೆಗೆ, ರಕ್ತ ತೆಗೆಯುವ ಸೂಜಿ ಅಕ್ಕ ಒಳಗಿನಿಂದ ಬಂದು, ಇವರು ನಮ್ಮ ಡಾಕ್ಟರೇ ಹೌದು ಎಂದು ಸಾಕ್ಷಿ ಹೇಳಿದ ಮೇಲೆ ಬಾಗಿಲು ತೆರೆಯಿತು. ಸ್ವಂತ ಮನೆಗೆ ನೆಂಟನಂತೆ ಬಂದ ಡಾಕ್ಟರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಖುಷಿ.

ಖುಷಿಗೆ ಕಾರಣವಿತ್ತು. ಒಂದು ದೊಡ್ಡ ಆಸ್ಪತ್ರೆ ತನ್ನ ಪರೀಕ್ಷೆಗಳನ್ನೆಲ್ಲ ಈ ಲ್ಯಾಬಿಗೇ ಕೊಡಲು ಒಪ್ಪಿತ್ತು. ಷರತ್ತು ಒಂದೇ: ರೋಗಿಗಳ ಗುಟ್ಟು ಹೊರಗೆ ಸೋರಬಾರದು. ಅದನ್ನು ಪರೀಕ್ಷಿಸಲು ಒಂದು ಭದ್ರತಾ ಕಂಪನಿಯನ್ನು ನೇಮಿಸಿತ್ತು. ಈ ವಾರ ಯಾವಾಗಲಾದರೂ ಅವರ ಕಡೆಯವರು ಗುರುತು ಮರೆಸಿಕೊಂಡು ಬರುತ್ತಾರೆ. ರಿಪೋರ್ಟುಗಳೆಲ್ಲ ತುಂಬಿರುವ ಕಂಪ್ಯೂಟರಿನ ಒಳಕೋಣೆಯನ್ನು ಅವರು ಹೊಕ್ಕರೆ ಆಸ್ಪತ್ರೆ ಕೈಬಿಟ್ಟಂತೆ. ಆಸ್ಪತ್ರೆ ಕೈಬಿಟ್ಟರೆ ಲ್ಯಾಬಿಗೆ ಬೀಗವೇ ಗತಿ.

ಡಾಕ್ಟರು ನೇರ ಬಾಮೈದನ ಬಳಿ ಹೋದರು. ಲ್ಯಾಬಿನ ಆಡಳಿತ ಅವನದು. ಬೈಗುಳ ತಿನ್ನುವ ಹೊಣೆಯೂ ಅವನದೇ. ಮೇಜಿನ ಹಳೆಯ ಹುಡುಗಿ ಹೆರಿಗೆ ರಜೆ ಹಾಕಿದಾಗಿನಿಂದ ಆ ಕುರ್ಚಿಗೆ ಯಾರನ್ನಾದರೂ ಹುಡುಕು ಎಂದು ಡಾಕ್ಟರು ಅವನ ತಲೆ ತಿನ್ನುತ್ತಿದ್ದರು. ಇವತ್ತು ಹೆಗಲು ತಟ್ಟಿದರು. ಕೊನೆಗೂ ಒಂದು ಕೆಲಸ ನೆಟ್ಟಗೆ ಮಾಡಿದೆಯಪ್ಪ, ಆಕೆ ಬಂಗಾರದಂಥ ಹೆಂಗಸು ಎಂದರು.

ಭಾವನ ಬಾಯಲ್ಲಿ ಹೊಗಳಿಕೆ ಬಂದದ್ದು ತನ್ನ ಅಕ್ಕನ ಮದುವೆಯಾದ ಮೇಲೆ ಇದೇ ಮೊದಲು. ಬಾಮೈದ ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ವಿನಯದಿಂದ ನಕ್ಕ.

ಆಕೆ ಆ ಕುರ್ಚಿಯಲ್ಲಿ ಕೂತ ಮೊದಲ ದಿನ ಅದು. ಆದರೂ ಮಧ್ಯಾಹ್ನದೊಳಗೆ ಲ್ಯಾಬಿನ ಚಹರೆಯೇ ಬದಲಾಯಿತು. ಆಸ್ಪತ್ರೆ ಕಳಿಸಿದ ಭದ್ರತಾ ನಿಯಮಗಳ ಹಾಳೆ ಗೋಡೆಯ ಮೇಲೆ ಬಣ್ಣಗೆಡುತ್ತಿತ್ತು, ಓದಿದವರು ಯಾರೂ ಇರಲಿಲ್ಲ. ಆಕೆ ಅದನ್ನು ಅವರವರ ಕೆಲಸದ ಭಾಷೆಯಲ್ಲೇ ಬಿಡಿಸಿ ಹೇಳಿದಳು. ಹೆಸರು ಬರೆಯದ ಶೀಶೆ ಬಂದರೆ ಯಂತ್ರಕ್ಕೆ ಹಾಕುತ್ತೀರಾ, ಗುರುತಿಲ್ಲದವರ ಮೇಲ್ ತೆರೆಯುವುದೂ ಅಷ್ಟೇ ಎಂದಳು. ಕನ್ನಡಕ ಕಳೆದುಕೊಂಡು ಮೇಜೆಲ್ಲ ತಡಕುತ್ತಿದ್ದ ಬಾಮೈದನಿಗೆ, ಬ್ಯಾಕಪ್ ಅಂದರೆ ಎರಡನೇ ಕನ್ನಡಕ, ಮೊದಲನೆಯದನ್ನು ಹುಡುಕುವುದಕ್ಕೂ ಅದು ಬೇಕು ಎಂದಳು.

ಸೂಜಿ ಅಕ್ಕನಿಗೆ ಮಾತ್ರ ಮಾತು ನಾಟಿತು. "ಒಬ್ಬರಿಗೆ ಚುಚ್ಚಿದ ಸೂಜೀನ ಇನ್ನೊಬ್ಬರಿಗೆ ಚುಚ್ತೀರಾ ಅಕ್ಕ? ಮತ್ತೆ ಒಂದೇ ಪಾಸ್‌ವರ್ಡನ್ನ ಎಲ್ಲ ಕಡೆ ಯಾಕೆ ಹಾಕ್ತೀರಿ?"

ಸೂಜಿ ಅಕ್ಕ ಕೆಂಪಾದಳು. ತನ್ನದು ಗಟ್ಟಿಯಾಗಿದೆಯೋ ಇಲ್ಲವೋ ನೋಡಿ ಹೇಳಿ ಎಂದು ಪಾಸ್‌ವರ್ಡನ್ನು ಆಕೆಯ ಕಿವಿಯಲ್ಲಿ ಉಸುರಿದಳು. ಆಕೆ ನಿಟ್ಟುಸಿರು ಬಿಟ್ಟು, ಇವತ್ತೇ ಬದಲಾಯಿಸಿಬಿಡಿ ಎಂದಳು.

ಊಟದ ಹೊತ್ತಿಗೆ ಡಾಕ್ಟರು ಎಲ್ಲರನ್ನೂ ಕರೆದು, ವೇಷಧಾರಿ ಬರುವ ಸುದ್ದಿ ಹೇಳಿದರು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕು ಎಂದರು. ಹೇಳುತ್ತಲೇ ಎರಡು ಸಲ ಬಾಗಿಲ ಕಡೆ ತಿರುಗಿ ನೋಡಿದರು. ಆಕೆ ಮಾತ್ರ ಸಮಾಧಾನದಲ್ಲಿದ್ದಳು.

"ಹಿಡಿಯೋದು ಕಷ್ಟ ಸಾರ್. ಅಂಥವರು ನಮ್ಮ ನಿಮ್ಮ ಹಾಗೇ ಇರ್ತಾರೆ."

ಊಟವಾಗುತ್ತಲೇ ಅವನು ಬಂದ. ಹೆಗಲಿಗೆ ಚೀಲ, ಎದೆಯ ಮೇಲೆ ಯಾವುದೋ ಕಂಪನಿಯ ಮುದ್ರೆ. ಕಂಪ್ಯೂಟರುಗಳ ವಾರ್ಷಿಕ ತಪಾಸಣೆ ಎಂದ. ಪ್ರತಿ ವರ್ಷ ಬರುತ್ತೇನೆ ಎಂದ. ಒಳಕೋಣೆ ಎಲ್ಲಿದೆ ಎಂದು ಕೇಳಲಿಲ್ಲ, ತಾನೇ ಅತ್ತ ನಡೆದ.

ಆಕೆ ಎದ್ದು ಅಡ್ಡ ನಿಂತಳು. ಮೊದಲೇ ತಿಳಿಸಿದ್ದೀರಾ? ಇಲ್ಲ. ನಿಮ್ಮನ್ನು ಬಲ್ಲವರು ಇಲ್ಲಿ ಯಾರಾದರೂ ಇದ್ದಾರಾ? ಇದ್ದವಳು ರಜೆಯಲ್ಲಿದ್ದಾಳಂತೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಅವನು ಚೀಲವನ್ನು ಎದೆಗವಚಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಸೂಜಿ ಅಕ್ಕ ಪಿಸುಗುಟ್ಟಿದಳು. ಅವನನ್ನು ಬೆಂಚಿನ ಮೇಲೆ ಕೂರಿಸಿ, ಬಾಮೈದನನ್ನು ಪಕ್ಕದಲ್ಲಿ ಕಾವಲಿಟ್ಟರು. ಪಾಪ, ಅವನು ಬಾತ್‌ರೂಮಿಗೆ ಹೋಗಬೇಕೆಂದಾಗ ಬಾಮೈದ ಅಲ್ಲಿಗೂ ಹಿಂಬಾಲಿಸಿದ.

ಡಾಕ್ಟರು ಬೆವರು ಒರೆಸಿಕೊಂಡರು. ಒಳಕೋಣೆಯ ಕೀಲಿ ಅದುವರೆಗೆ ಬಾಮೈದನ ಡ್ರಾಯರಿನಲ್ಲಿ ಬಿದ್ದಿತ್ತು. ಅದನ್ನು ತಂದು ಆಕೆಯ ಮುಂದಿಟ್ಟರು.

"ಬೇಡ ಸಾರ್" ಎಂದಳು ಆಕೆ. "ಹೊಸಬರ ಕೈಗೆ ಕೀಲಿ ಕೊಡಬಾರದು."

"ಇಲ್ಲಿ ನಾನು ನಂಬೋದು ನಿಮ್ಮೊಬ್ಬರನ್ನೇ. ಇಟ್ಕೊಳ್ಳಿ."

ಆಕೆ ಮತ್ತೊಮ್ಮೆ ಬೇಡವೆಂದಳು. ಡಾಕ್ಟರು ಕೀಲಿಯನ್ನು ಆಕೆಯ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಹಾಗಿದ್ದರೆ ಒಳಗೆಲ್ಲ ಸರಿಯಾಗಿದೆಯೇ ಒಮ್ಮೆ ನೋಡಿಬರುತ್ತೇನೆ, ಹಿಂದೆ ಯಾರೂ ಬರಬೇಡಿ ಎಂದು ಆಕೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಿಯಮ ಅಂದರೆ ನಿಯಮ. ಯಾರೂ ಹಿಂದೆ ಹೋಗಲಿಲ್ಲ.

ಡಾಕ್ಟರಿಗೆ ತಡೆಯಲಾಗಲಿಲ್ಲ. ಭದ್ರತಾ ಕಂಪನಿಗೆ ಫೋನು ಮಾಡಿದರು. ನಿಮ್ಮ ಮನುಷ್ಯ ಬಾಗಿಲಲ್ಲೇ ಸಿಕ್ಕಿಬಿದ್ದ, ಇಲ್ಲೇ ಬೆಂಚಿನ ಮೇಲೆ ಕೂತಿದ್ದಾನೆ, ಆಸ್ಪತ್ರೆಗೆ ಈಗಲೇ ತಿಳಿಸಿಬಿಡಿ ಎಂದು ಬೀಗಿದರು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿದರು. ಆ ಕಡೆಯವರು ತಮ್ಮ ಪಟ್ಟಿ ತೆಗೆದು ನೋಡಿದರು.

"ನಾವು ಗಂಡಸರನ್ನ ಕಳಿಸಿಲ್ಲ ಸಾರ್. ನಿಮ್ಮ ಒಳಕೋಣೇಲಿ ಈಗ ಯಾರಿದಾರೆ, ಸ್ವಲ್ಪ ನೋಡ್ತೀರಾ?"