ಮೂರನೆಯ ಸಲಕ್ಕೆ ಕೆಸರು

ಕೊಸಾಕ್ ಸವಾರರ ಪಾಳೆಯದಲ್ಲಿ ಹೊಸ ನಾಯಕನ ಆಯ್ಕೆ. ಆಯ್ಕೆಯಾದವನು ವಿನಯದಿಂದ ಎರಡು ಸಲ ಬೇಡ ಎನ್ನಬೇಕು. ಮೂರನೆಯ ಸಲಕ್ಕೆ ಎಲ್ಲರೂ ಸೇರಿ ಅವನ ತಲೆಗೆ ಕೆಸರು ಮೆತ್ತಿದರೆ ಅವನೇ ನಾಯಕ. ಅದು ಪದ್ಧತಿ.

ನಾಯಕನಿಗೆ ಭಾರಿ ಮೀಸೆ ಇರಲೇಬೇಕು; ಯಾರ ಮೀಸೆಯೂ ಯಾರಿಗೂ ಒಪ್ಪಿಗೆಯಾಗದೆ ಜಗಳ ಹತ್ತಿತ್ತು. ಅಷ್ಟರಲ್ಲಿ ಶತ್ರು ಸುಲ್ತಾನನ ದೂತ ಕುದುರೆ ಇಳಿದ. ಅವನ ಮೀಸೆ ಭುಜ ಮುಟ್ಟುತ್ತಿತ್ತು.

“ಇವನೇ ನಮ್ಮ ನಾಯಕ!” ಎಂದು ಮುದುಕ ಪನಾಸ್ ಕೂಗಿದ.

“ಅಯ್ಯೋ, ನಾನು ದೂತ ಕಣಯ್ಯಾ! ಶರಣಾಗಿ ಅಂತ ಪತ್ರ ತಂದಿದೀನಿ.”

“ಒಂದ್ಸಲ ಬೇಡ ಅಂದ!”

“ನಾನು ನಿಮ್ಮ ಶತ್ರು!”

“ಎರಡು! ಏನು ವಿನಯ ನೋಡ್ರೋ!”

ಪಚಕ್ಕನೆ ಕೆಸರು ಬಿತ್ತು. ಸಾವಿರ ಟೋಪಿಗಳು ಹಾರಿದವು.

ಹೊಸ ನಾಯಕ ಮೀಸೆಯ ಕೆಸರು ಒರೆಸಿಕೊಂಡು, ಸೊಂಟದಲ್ಲಿದ್ದ ಪತ್ರ ಬಿಡಿಸಿ ಓದಿದ. ಅವನ ಕಣ್ಣು ಕೆಂಪಾದವು.

“ನಾವು ಶರಣಾಗಬೇಕಂತೆ! ಯಾವನೋ ಅವನು, ಈ ಪತ್ರ ತಂದವನು? ಕಟ್ಟಿ ಎಳ್ಕೊಂಡು ಬನ್ರೋ!”